ಐಇಎಲ್‌ಟಿಎಸ್‌: ಕಟ್ಟಡದ ನಕ್ಷೆ ಬಂದರೆ ಬರೆಯುವುದು ಹೇಗೆ? ಹಳೆ ಸಂಸತ್ ಭವನವೇ ಉದಾಹರಣೆ

ವಿದೇಶದಲ್ಲಿ ಓದಲು ಬಯಸುವವರು ಬರೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ಬರವಣಿಗೆ ವಿಭಾಗದ ಮೊದಲ ಪ್ರಶ್ನೆಯಲ್ಲಿ ಗ್ರಾಫ್ ಬದಲು ಒಂದೇ ಕಟ್ಟಡದ ಹಳೆಯ ಮತ್ತು ಹೊಸ ನಕ್ಷೆಗಳು ಬರುವುದುಂಟು. ಆಗಿರುವ ಬದಲಾವಣೆಗಳನ್ನು ಸುಮಾರು 20 ನಿಮಿಷದಲ್ಲಿ, ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು.

ಕೋಣೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರೆ ಸಾಲದು. ಒಟ್ಟಾರೆ ಏನು ಬದಲಾಯಿತು, ಏನು ಹಾಗೇ ಉಳಿಯಿತು ಎಂಬುದನ್ನು ಮೊದಲೇ ಎರಡು ವಾಕ್ಯದಲ್ಲಿ ಹೇಳಿ.

1927ರಲ್ಲಿ ಉದ್ಘಾಟನೆಯಾದ ದೆಹಲಿಯ ಹಳೆ ಸಂಸತ್ ಭವನವನ್ನೇ ನೋಡಿ. ಗ್ರಂಥಾಲಯವಾಗಿದ್ದ ಸೆಂಟ್ರಲ್ ಹಾಲ್ ಅನ್ನು 1946ರಲ್ಲಿ ಸಂವಿಧಾನ ಸಭೆಯ ಸಭಾಂಗಣವಾಗಿ ಪರಿವರ್ತಿಸಲಾಯಿತು. 1956ರಲ್ಲಿ ಎರಡು ಅಂತಸ್ತುಗಳನ್ನು ಸೇರಿಸಲಾಯಿತು. ಆದರೆ ಕಟ್ಟಡದ ವೃತ್ತಾಕಾರ ಬದಲಾಗಲಿಲ್ಲ. ಹೀಗಾಗಿ ಒಟ್ಟಾರೆ ಸಾರಾಂಶ ಇಷ್ಟು: ಆಕಾರ ಉಳಿಯಿತು, ಎತ್ತರ ಹೆಚ್ಚಿತು, ಒಳಗಿನ ಬಳಕೆ ಬದಲಾಯಿತು.

ನಮ್ಮ ಪತ್ರಿಕೆಗಳ 'ಪರಿವರ್ತಿಸಲಾಯಿತು', 'ಸೇರಿಸಲಾಯಿತು' ಎಂಬ ಕರ್ಮಣಿ ಪ್ರಯೋಗವೇ ಇಲ್ಲಿ ನೆರವಿಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ 'ವಾಸ್ ಕನ್ವರ್ಟೆಡ್ ಇನ್‌ಟು', 'ವರ್ ಆಡೆಡ್' ಎಂದು ಬರೆಯಿರಿ. ಬದಲಾಗದ ಭಾಗಕ್ಕೆ 'ರಿಮೇನ್ಡ್ ಅನ್‌ಚೇಂಜ್ಡ್' ಬಳಸಿ. ಎರಡನೇ ನಕ್ಷೆ ಮುಂದಿನ ಯೋಜನೆಯದ್ದಾಗಿದ್ದರೆ 'ವಿಲ್ ಬಿ ಕನ್ವರ್ಟೆಡ್' ಎಂದಾಗಬೇಕು. ನಕ್ಷೆಯ ಮೇಲಿನ ಇಸವಿ ನೋಡದೆ ಬರೆದರೆ ಉತ್ತರದ ಕಾಲವೇ ತಪ್ಪುತ್ತದೆ.

ಎಲ್ಲಿ ಎಂಬುದನ್ನೂ ಬಿಡಬೇಡಿ: ಪ್ರವೇಶದ್ವಾರದ ಎಡಕ್ಕೆ, ಉತ್ತರ ಭಾಗದಲ್ಲಿ, ನಡುವೆ ಎಂದು ಜಾಗ ಗುರುತಿಸಿ.

ಸೆಂಟ್ರಲ್ ಹಾಲ್ ಏಕೆ ಬದಲಾಯಿತು ಎಂಬುದು ನಿಮಗೆ ಗೊತ್ತಿರಬಹುದು. ಆದರೆ ನಕ್ಷೆಯಲ್ಲಿ ಇಲ್ಲದ ಕಾರಣ, ಅಭಿಪ್ರಾಯ ಯಾವುದನ್ನೂ ಇಲ್ಲಿ ಬರೆಯುವಂತಿಲ್ಲ. ಕಂಡದ್ದಷ್ಟೇ ಉತ್ತರ.