270 ಮೀಟರ್ ಆಳದಲ್ಲಿ ಉಸಿರು ಎಷ್ಟು ಭಾರ?

ಜನವರಿ 8, 2005. ದಕ್ಷಿಣ ಆಫ್ರಿಕಾದ ಬುಶ್‌ಮನ್ಸ್ ಹೋಲ್ ಎಂಬ ನೀರು ತುಂಬಿದ ಗುಹೆಗೆ ಆಸ್ಟ್ರೇಲಿಯಾದ ಪೈಲಟ್ ಡೇವ್ ಶಾ ಇಳಿದರು. 1994ರಲ್ಲಿ ಅಲ್ಲೇ ಸತ್ತಿದ್ದ 20 ವರ್ಷದ ಡಿಯಾನ್ ಡ್ರೇಯರ್‌ನ ಶವವನ್ನು 270 ಮೀಟರ್ ಆಳದಿಂದ ಮೇಲೆ ತರಬೇಕಿತ್ತು. ಶಾ ಜೀವಂತ ವಾಪಸ್ ಬರಲಿಲ್ಲ. ಅವರ ಕೊನೆಯ ಉಸಿರಾಟ ಹೆಲ್ಮೆಟ್ ಕ್ಯಾಮೆರಾದಲ್ಲಿ ದಾಖಲಾಗಿದೆ.

ಅಷ್ಟು ಆಳದಲ್ಲಿ ಏನಾಗುತ್ತೆ ಅಂತ ತಿಳಿಯೋಕೆ ಪಿಯುಸಿ ಕೆಮಿಸ್ಟ್ರಿ ಸಾಕು. (ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಡಾಲ್ಟನ್ ನಿಯಮ ನಿಜಕ್ಕೂ ಅರ್ಥವಾಗಿದ್ದು ಡೈವಿಂಗ್ ಬಗ್ಗೆ ಓದಿದ ಮೇಲೆ.) ಪ್ರತಿ 10 ಮೀಟರ್‌ಗೆ ಒತ್ತಡ ಸುಮಾರು ಒಂದು ಬಾರ್ ಏರುತ್ತೆ. ಆಮ್ಲಜನಕದ ಪಾಲಿನ ಒತ್ತಡ 1.4 ಬಾರ್ ದಾಟದಂತೆ ಡೈವರ್‌ಗಳು ನೋಡಿಕೊಳ್ಳುತ್ತಾರೆ. ಮಿತಿ ಮೀರಿದರೆ ನೀರೊಳಗೇ ಫಿಟ್ಸ್ ಬರಬಹುದು. ನಾವು ಉಸಿರಾಡುವ ಮಾಮೂಲಿ ಗಾಳಿ ಸುಮಾರು 57 ಮೀಟರ್‌ನಲ್ಲೇ ಆ ಗೆರೆ ಮುಟ್ಟುತ್ತೆ. ಅದಕ್ಕೂ ಮೊದಲೇ ನೈಟ್ರೋಜನ್ ತಲೆಗೇರಿ, ಕುಡಿದವರ ಹಾಗೆ ಬುದ್ಧಿ ಮಂಕಾಗುತ್ತೆ.

ಪರಿಹಾರ ಹೀಲಿಯಂ. ಮೂರೂ ಅನಿಲ ಸೇರಿದ ಮಿಶ್ರಣಕ್ಕೆ ಟ್ರೈಮಿಕ್ಸ್ ಅಂತಾರೆ. 10/70 ಎಂದರೆ 10% ಆಮ್ಲಜನಕ, 70% ಹೀಲಿಯಂ, ಉಳಿದದ್ದು ನೈಟ್ರೋಜನ್. 100 ಮೀಟರ್‌ನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ದಡದಲ್ಲಿ ಇದನ್ನೇ ಉಸಿರಾಡಿದರೆ ಪ್ರಜ್ಞೆ ತಪ್ಪಬಹುದು. ಹಾಗಾಗಿ ಇಳಿಯೋಕೆ ಒಂದು ಅನಿಲ, ತಳಕ್ಕೆ ಇನ್ನೊಂದು, ಏರುವಾಗ ಮತ್ತೆ ಬೇರೆ. ಶುದ್ಧ ಆಮ್ಲಜನಕ ಕೊನೆಯ 6 ಮೀಟರ್‌ಗೆ ಮಾತ್ರ. ತಪ್ಪು ಆಳದಲ್ಲಿ ತಪ್ಪು ಸಿಲಿಂಡರ್ ಬಾಯಿಗಿಟ್ಟು ಸತ್ತವರಿದ್ದಾರೆ. ಅದಕ್ಕೇ ಪ್ರತಿಯೊಬ್ಬರೂ ತಮ್ಮ ಅನಿಲವನ್ನು ತಾವೇ ಪರೀಕ್ಷಿಸಿ, ಸಿಲಿಂಡರ್ ಮೇಲೆ ಗರಿಷ್ಠ ಆಳವನ್ನು ದಪ್ಪಕ್ಷರದಲ್ಲಿ ಬರೆಯುತ್ತಾರೆ.

ಆದರೆ ಶಾ ಅವರನ್ನು ಕೊಂದದ್ದು ಅಮಲೂ ಅಲ್ಲ, ಆಮ್ಲಜನಕವೂ ಅಲ್ಲ, ಅನಿಲದ ಸಾಂದ್ರತೆ. ದಡದಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಈಗಿನ ಶಿಫಾರಸು: ಲೀಟರ್‌ಗೆ 5.2 ಗ್ರಾಂ ಒಳಗಿರಲಿ, 6.2 ದಾಟಲೇಬೇಡಿ. 270 ಮೀಟರ್‌ನಲ್ಲಿ, ಬಹುಪಾಲು ಹೀಲಿಯಂ ಇದ್ದರೂ, ಶಾ ಉಸಿರಾಡುತ್ತಿದ್ದದ್ದು ಸುಮಾರು 10 ಗ್ರಾಂನ ಅನಿಲ. ಅಂಟಿಕೊಂಡಿರುತ್ತೆ ಅಂದುಕೊಂಡಿದ್ದ ಶವ ತೇಲಿತು, ಲೈಟಿನ ಕೇಬಲ್ ಹಗ್ಗಕ್ಕೆ ಸಿಕ್ಕಿತು, ಶ್ರಮ ಹೆಚ್ಚಿತು. ರೀಬ್ರೀದರ್ ಯಂತ್ರ ಇಂಗಾಲದ ಡೈಆಕ್ಸೈಡನ್ನು ಹೀರಬಲ್ಲದು, ಆದರೆ ಅದನ್ನು ಹೊರಹಾಕಲು ಶ್ವಾಸಕೋಶಕ್ಕೇ ಆಗುತ್ತಿಲ್ಲ. ಸೈಮನ್ ಮಿಚೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಸಾರ ಇದೇ.

ಹಾಗಾದರೆ ತರಬೇತಿ? ನಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಮಾಡುವ ಮೋಜಿನ ಡೈವಿಂಗ್‌ನ ಮಿತಿ 40 ಮೀಟರ್. ಅಲ್ಲಿಂದಾಚೆ ನೈಟ್ರಾಕ್ಸ್, ಡಿಕಂಪ್ರೆಶನ್, 60 ಮೀಟರ್‌ನ ಟ್ರೈಮಿಕ್ಸ್, ಆಮೇಲೆ 100. ಹೀಗೆ ಮೆಟ್ಟಿಲು. ಶಾಗೆ ಅರ್ಹತೆ ಇತ್ತು, ಶಿಸ್ತೂ ಇತ್ತು. ಆದರೆ ಅವರ ಒಟ್ಟು ಅನುಭವ ಐದಾರು ವರ್ಷ, 300 ಚಿಲ್ಲರೆ ಡೈವ್. ಕಾರ್ಡ್ ಸಿಕ್ಕಿದ್ದಷ್ಟಕ್ಕೆ ಕೈ ಪಳಗೋದಿಲ್ಲ.

ತಂಡದ ಗಾತ್ರದ ಲೆಕ್ಕ ಇನ್ನೂ ಕುತೂಹಲದ್ದು. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಬಳಸುವವನಿಗೆ 100 ಮೀಟರ್‌ನಲ್ಲಿ 220 ಲೀಟರ್ ಬೇಕು. 200 ಬಾರ್ ತುಂಬಿದ 12 ಲೀಟರ್ ಸಿಲಿಂಡರ್ 11 ನಿಮಿಷಕ್ಕೆ ಖಾಲಿ! ಹಾಗಾಗಿ ಗುಹೆಗಳಲ್ಲಿ ಮೂರನೇ ಒಂದು ಭಾಗದ ನಿಯಮ: ಒಂದು ಪಾಲು ಹೋಗೋಕೆ, ಒಂದು ಬರೋಕೆ, ಒಂದು ಜೊತೆಗಾರನಿಗೆ. ಮೂವರಿದ್ದರೆ ಒಬ್ಬನ ಅನಿಲ ಹೋದರೂ ಕೊಡೋಕೆ ಇಬ್ಬರಿರುತ್ತಾರೆ. ನಾಲ್ವರಾದರೆ ಕೆಸರೆದ್ದ ನೀರಲ್ಲಿ ಯಾರು ಎಲ್ಲಿ ಅಂತ ಎಣಿಸೋದೇ ಕೆಲಸ. ನನ್ನ ಮತ ಮೂವರಿಗೆ.

270 ಮೀಟರ್‌ನಲ್ಲಿ ಮಾತ್ರ ಆ ಲೆಕ್ಕ ನಡೆಯಲ್ಲ. ಶಾ ತಳದಲ್ಲಿ ಒಬ್ಬರೇ ಇದ್ದರು. ಉಳಿದವರು ಬೇರೆ ಬೇರೆ ಆಳಗಳಲ್ಲಿ ಪಹರೆಯಂತೆ. ಅವರಲ್ಲಿ ಎಲ್ಲರಿಗಿಂತ ಕೆಳಗಿದ್ದ ಡಾನ್ ಶರ್ಲಿ ಗೆಳೆಯನತ್ತ ಇಳಿದರು, ಆದರೆ ಒತ್ತಡಕ್ಕೆ ಅವರ ರೀಬ್ರೀದರಿನ ನಿಯಂತ್ರಕ ಒಡೆಯಿತು. ವಾಪಸ್ ಏರುವಾಗ ಒಳಕಿವಿಗೆ ಗುಳ್ಳೆ ಸೇರಿ ಮೇಲೆ ಕೆಳಗೆ ತಿಳಿಯದಂತೆ ತಲೆ ಸುತ್ತಿತು. 12 ಗಂಟೆಗೂ ಹೆಚ್ಚಿನ ಆ ಏರಿಕೆಯಲ್ಲಿ ಸಹಾಯಕ ಡೈವರ್‌ಗಳು ಪಾಳಿಯ ಮೇಲೆ ಇಳಿದು ಜೊತೆಗಿದ್ದರು. ಶರ್ಲಿ ಬದುಕಿದರು. ಕೆಲ ದಿನಗಳ ನಂತರ ಸಲಕರಣೆ ಎಳೆಯುವಾಗ, ಅದೇ ಹಗ್ಗಕ್ಕೆ ಸಿಕ್ಕಿಕೊಂಡು ಶಾ ಮತ್ತು ಡ್ರೇಯರ್ ಇಬ್ಬರೂ ಮೇಲೆ ಬಂದರು.