ಬೀದಿ ಮೊದಲೋ ಮನೆ ಮೊದಲೋ: ಬೆಂಗಳೂರಿನ ಹೊರವಲಯದ ನಾಗರಿಕ ಬೇಡಿಕೆಗಳು

ರಸ್ತೆ, ನೀರು, ಚರಂಡಿ, ವಾಹನ ದಟ್ಟಣೆಗಳ ಬಗ್ಗೆ ಬೆಂಗಳೂರಿನ ಅಂಚಿನ ನಿವಾಸಿಗಳು ತಲೆಮಾರುಗಳಿಂದ ಆಡುತ್ತ ಬಂದಿರುವ ಮಾತುಗಳು ಮೇಲ್ನೋಟಕ್ಕೆ ಒಂದೇ ಬಗೆಯ ದೂರುಗಳಂತೆ ಕಂಡರೂ, ಆಯಾ ಬಡಾವಣೆಯಲ್ಲಿ ಬೀದಿ ಮೊದಲು ಬಂದಿತೋ ಮನೆ ಮೊದಲು ಎದ್ದಿತೋ ಎಂಬುದಕ್ಕೆ ತಕ್ಕಂತೆ ಅವುಗಳ ಅರ್ಥ ಬೇರೆಯಾಗುತ್ತದೆ. 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ವೇಗವಾಗಿ ತುಂಬಿಕೊಂಡ ಮಲ್ಲೇಶ್ವರ ಮತ್ತು ಬಸವನಗುಡಿಗಳಲ್ಲಿ ಬೀದಿಗಳನ್ನು ಮೊದಲೇ ನೇರವಾಗಿ ಎಳೆದು, ಮನೆಗಳ ಹಿಂಬದಿಗೆ ಕನ್ಸರ್ವೆನ್ಸಿ ಗಲ್ಲಿಗಳನ್ನು, ಎಂದರೆ ಮಲವನ್ನು ಹೊತ್ತು ಸಾಗಿಸಲೆಂದೇ ಬಿಟ್ಟ ಕಿರುದಾರಿಗಳನ್ನು ಇರಿಸಲಾಗಿತ್ತು. ಆ ಬಡಾವಣೆಗಳ ಹೆಸರಾಂತ ನೈರ್ಮಲ್ಯವು ಆ ಕೆಲಸಕ್ಕೆ ಜಾತಿಯ ಕಾರಣದಿಂದಲೇ ಕಟ್ಟುಬಿದ್ದವರ ದುಡಿಮೆಯ ಮೇಲೆ ನಿಂತಿತ್ತೆಂಬುದನ್ನೂ, ನಗರಸೇವೆಯ ಬಗ್ಗೆ ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲವೆಂಬುದನ್ನೂ ಈ ಚರಿತ್ರೆ ಮರೆಯಲಾಗದು.

1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯೂ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಬೀದಿ ಮೊದಲು, ಮನೆ ಆಮೇಲೆ ಎಂಬ ಇದೇ ಕ್ರಮವನ್ನು ಮುಂದುವರಿಸಿದವು. ಹೀಗಾಗಿ ಜಯನಗರದಂಥ ಕಡೆಗಳಲ್ಲಿ ನಿವಾಸಿಗಳ ಬೇಡಿಕೆ ಹೆಚ್ಚಾಗಿ ಇದ್ದ ಸೌಕರ್ಯದ ನಿರ್ವಹಣೆಗೆ ಸಂಬಂಧಿಸಿದ್ದಾಗಿತ್ತು.

ಆದರೆ ಬೆಳೆಯುತ್ತಿದ್ದ ನಗರಕ್ಕೆ ಪ್ರಾಧಿಕಾರದ ನಿವೇಶನಗಳು ಸಾಲದೆ ಹೋದಾಗ, ಊರಂಚಿನ ಹೊಲಗದ್ದೆಗಳು ಭೂಪರಿವರ್ತನೆಯಾಗದೆ, ಅಂದರೆ ಕೃಷಿಯೇತರ ಬಳಕೆಗೆ ಕಂದಾಯ ಇಲಾಖೆಯ ಅನುಮತಿ ದೊರೆಯದೆ, ಇಲ್ಲವೇ ವಿನ್ಯಾಸ ನಕ್ಷೆಗೆ ಮಂಜೂರಾತಿ ಇಲ್ಲದೆ ತುಂಡುತುಂಡಾಗಿ ಮಾರಾಟವಾದವು. ಜನ ‘ರೆವೆನ್ಯೂ ಸೈಟು’ ಎಂದು ಕರೆದ ಈ ನಿವೇಶನಗಳಲ್ಲಿ ಮನೆ ಮೊದಲು ಎದ್ದಿತು, ಬೀದಿ ಆಮೇಲೆ ಬಂದಿತು. ನೀರಿಗೆ ಬೋರ್‌ವೆಲ್ಲು, ಅದು ಬತ್ತಿದಾಗ ಟ್ಯಾಂಕರು, ಕೊಳಚೆಗೆ ಮನೆಯಂಗಳದ ಗುಂಡಿ. ಇಲ್ಲಿನವರು ದೀಪವನ್ನೋ ಚರಂಡಿಯನ್ನೋ ಕೇಳಿದಾಗ, ಬಡಾವಣೆಯೇ ಅನಧಿಕೃತವೆಂಬ ಉತ್ತರ ಎದುರಾಗುತ್ತಿತ್ತು. ಆದ್ದರಿಂದ ಅವರ ಒಂದೊಂದು ಅರ್ಜಿಯೂ ಸೌಕರ್ಯದ ಬೇಡಿಕೆಯಾಗಿದ್ದಂತೆಯೇ ತಾವು ಈ ನಗರದವರೆಂಬ ಮಾನ್ಯತೆಯ ಬೇಡಿಕೆಯೂ ಆಗಿತ್ತು. ಉಳಿತಾಯವನ್ನೆಲ್ಲ ಒಂದು ಸೈಟಿಗೆ ಸುರಿದ ಕುಟುಂಬಗಳನ್ನು ಅಕ್ರಮದ ಹೊಣೆಗಾರರೆಂದು ಕಾಣುವುದು ಅನ್ಯಾಯ, ಏಕೆಂದರೆ ಕೈಗೆಟಕುವ ಬೆಲೆಯಲ್ಲಿ ಅವರಿಗೆ ಬೇರೆ ನೆಲವೇ ಇರಲಿಲ್ಲ.

2007ರಲ್ಲಿ ಯಲಹಂಕ, ದಾಸರಹಳ್ಳಿ, ಬೊಮ್ಮನಹಳ್ಳಿ, ಮಹದೇವಪುರ ಮೊದಲಾದ 7 ನಗರಸಭೆಗಳೂ ಕೆಂಗೇರಿ ಪುರಸಭೆಯೂ 110 ಹಳ್ಳಿಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಅದಕ್ಕೂ ಮುನ್ನವೇ ಆ ಪಟ್ಟಣಗಳಿಗೆ ಕಾವೇರಿ ನೀರು ತರುವ ಯೋಜನೆಗಾಗಿ ಆಸ್ತಿದಾರರಿಂದ ಮುಂಗಡ ವಂತಿಗೆ ಕೇಳಲಾಗಿದ್ದು, ನಲ್ಲಿಯಲ್ಲಿ ನೀರು ಕಾಣುವ ಮೊದಲೇ ಹಣ ಕಟ್ಟುವುದು ಹೇಗೆಂದು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳು ಪ್ರಶ್ನಿಸಿದ್ದವು. ಹಳೆಯ ಬಡಾವಣೆಯವರಿಗೆ ಹೀಗೆ ಮುಂಗಡ ವಂತಿಗೆ ಹೊರಿಸಿರಲಿಲ್ಲವಾದ್ದರಿಂದ ಆ ಆಕ್ಷೇಪದಲ್ಲಿ ನ್ಯಾಯವಿತ್ತು.

ವಾಹನ ದಟ್ಟಣೆಯ ಬೇರೂ ಮನೆ ಮೊದಲು, ಬೀದಿ ಆಮೇಲೆ ಎಂಬ ಇದೇ ಹಿಂದುಮುಂದಿನಲ್ಲಿದೆ. ಒಬ್ಬೊಬ್ಬ ಮಾಲೀಕನೂ ತನ್ನ ಸರ್ವೆ ನಂಬರಿನ ಎಲ್ಲೆಯೊಳಗಷ್ಟೇ ರಸ್ತೆ ಬಿಡಿಸಿದ್ದರಿಂದ ಒಂದು ಬಡಾವಣೆಯ ಬೀದಿ ಮುಂದಿನ ಬಡಾವಣೆಯ ಗೋಡೆಗೆ ಬಂದು ನಿಲ್ಲುತ್ತದೆ. ವರ್ತೂರು, ಸರ್ಜಾಪುರ, ಬನ್ನೇರುಘಟ್ಟದ ದಿಕ್ಕಿಗೆ ಹೋಗುವ, ಹಿಂದೆ ಹಳ್ಳಿಗಳನ್ನು ಪೇಟೆಗೆ ಜೋಡಿಸುತ್ತಿದ್ದ ರಸ್ತೆಗಳೇ ಸುತ್ತಲಿನ ವಾಹನಗಳನ್ನೆಲ್ಲ ಹೊರಬೇಕಾಗುತ್ತದೆ. ನಿವಾಸಿಗಳೊಳಗಿನ ಭಿನ್ನಾಭಿಪ್ರಾಯ ಇಲ್ಲಿಯೇ ಬಯಲಾಗುತ್ತದೆ: ಮಕ್ಕಳ ಸುರಕ್ಷತೆಗೆಂದು ಒಂದು ಬಡಾವಣೆಯವರು ಗೇಟು ಹಾಕಿ ಉಬ್ಬು ನಿರ್ಮಿಸಿದರೆ, ಪಕ್ಕದವರಿಗೆ ಅದೇ ದಾರಿ ಬಂದ್ ಆದಂತಾಗುತ್ತದೆ.

ಇಂಥ ತಕರಾರನ್ನು ಕೂತು ಬಗೆಹರಿಸಬೇಕಾದ ಜಾಗ, 1992ರ 74ನೆಯ ಸಂವಿಧಾನ ತಿದ್ದುಪಡಿ ವಿಧಿಸಿದ ವಾರ್ಡ್ ಸಮಿತಿ, ಅಂದರೆ ವಾರ್ಡಿನ ಸದಸ್ಯನೊಡನೆ ನಿವಾಸಿಗಳೂ ಸೇರುವ ಸಭೆ. ಆದರೆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಚುನಾವಣೆ ನಡೆಯಲಿಲ್ಲ. 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ 5ನೆಯ ಹಂತವು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದಾಗ ಆ ಹಳ್ಳಿಗಳು ನಗರಕ್ಕೆ ಸೇರಿ 17 ವರ್ಷ ಕಳೆದಿದ್ದವು, ಮತ್ತು ಕೊಳವೆಗಾಗಿ ಅಗೆದ ಬೀದಿಗೆ ಮತ್ತೆ ಡಾಂಬರು ಹಾಕಿಸಿಕೊಡಿ ಎಂದು ಕೇಳಲು ಅಲ್ಲಿನ ನಿವಾಸಿಗಳಿಗೆ ತಾವು ಆರಿಸಿದ ವಾರ್ಡ್ ಸದಸ್ಯನೊಬ್ಬನೂ ಇರಲಿಲ್ಲ.