ಬಸಳೆಯ ಚರಿತ್ರೆ: ಕರಾವಳಿಯ ಒಂದು ಸೊಪ್ಪು ಮತ್ತು ಅಡುಗೆಮನೆಯ ಅರಿವು

ಕನ್ನಡ ನಾಡಿನ ಆಹಾರದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅರಮನೆಯ ಬಾಗಿಲಿನಿಂದಲೇ ಒಳಹೊಕ್ಕಿದ್ದಾರೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಕ್ರಿ.ಶ. ಸು. 1025), ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (12ನೆಯ ಶತಮಾನ), ಮೂರನೆಯ ಮಂಗರಸನ ‘ಸೂಪಶಾಸ್ತ್ರ’ (16ನೆಯ ಶತಮಾನ) – ಈ ಕೃತಿಗಳ ಮಹತ್ವವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಇವು ಅಡುಗೆಯನ್ನು ಶಾಸ್ತ್ರವಾಗಿಯೂ ಭೋಗವಾಗಿಯೂ ಕಂಡ ಬರಹಗಳು. ಮನೆಯ ಹಿತ್ತಿಲಿನಲ್ಲಿ ಬೆಳೆದು, ಅದೇ ದಿನ ಮಡಕೆಯಲ್ಲಿ ಬೆಂದು, ಗಂಜಿಯೊಡನೆ ಉಂಡು ಮುಗಿದುಹೋದ ಸೊಪ್ಪುಗಳ ಚರಿತ್ರೆಗೆ ಇವುಗಳಿಂದ ದೊರೆಯುವ ನೆರವು ಅಲ್ಪ. ಅಂತಹ ಒಂದು ಸೊಪ್ಪು ಬಸಳೆ. ಕಾಸರಗೋಡಿನಿಂದ ಕಾರವಾರದವರೆಗಿನ ಕರಾವಳಿಯಲ್ಲಿ ಇದನ್ನರಿಯದ ಮನೆಯಿಲ್ಲ. ಈ ಸೊಪ್ಪಿನ ಚರಿತ್ರೆಯನ್ನೂ ಅದರ ಪೌಷ್ಟಿಕತೆಯನ್ನೂ ಬಿಡಿ ಎಲೆಯಿಂದ ಅರಿಯಲಾಗದು, ಅದು ಸೇರಿಕೊಳ್ಳುವ ಪದಾರ್ಥದಿಂದಲೇ ಅರಿಯಬೇಕು ಎಂಬುದು ಪ್ರಸ್ತುತ ಲೇಖನದ ನಿಲುವು. (ಕರಾವಳಿಯ ಕನ್ನಡದಲ್ಲಿ ‘ಪದಾರ್ಥ’ ಎಂದರೆ ಅನ್ನದೊಡನೆ ಕಲಸಿಕೊಳ್ಳುವ ಮೇಲೋಗರ, ಇಲ್ಲಿ ಆ ಪದವನ್ನು ಅದೇ ಅರ್ಥದಲ್ಲಿ ಬಳಸಲಾಗಿದೆ.)

ಮೊದಲು ಹೆಸರಿನ ವಿಚಾರ. ಕನ್ನಡ ಮತ್ತು ತುಳುವಿನಲ್ಲಿ ಬಸಳೆ, ತಮಿಳಿನಲ್ಲಿ ಪಸಲೈ, ಮಲಯಾಳದಲ್ಲಿ ಬಸಳಚ್ಚೀರ, ತೆಲುಗಿನಲ್ಲಿ ಬಚ್ಚಲಿ – ಇವು ಒಂದೇ ಮೂಲದ ರೂಪಗಳೆಂಬುದು ಮೇಲ್ನೋಟಕ್ಕೇ ತಿಳಿಯುತ್ತದೆ. ಸಂಸ್ಕೃತದ ಹೆಸರು ಉಪೋದಿಕಾ. ಹಿಂದಿಯ ಪೋಯಿ, ಬಂಗಾಳಿಯ ಪುಯಿ ಆ ಕಡೆಯಿಂದ ಬಂದವು. ಮರಾಠಿಯ ಮಾಯಾಳು, ಕೊಂಕಣಿಯ ವಾಲಿ ಇವೆರಡೂ ಬೇರೆ ದಾರಿಯವು. ಒಂದೇ ಬಳ್ಳಿಗೆ ಉತ್ತರದಲ್ಲಿ ಒಂದು, ದಕ್ಷಿಣದಲ್ಲಿ ಮತ್ತೊಂದು ಪದಪರಂಪರೆ ಇರುವುದು ಗಮನಾರ್ಹ. ವೈದ್ಯಗ್ರಂಥಗಳ ಉಪೋದಿಕೆ ಕನ್ನಡದ ವೈದ್ಯರ ಓಲೆಗರಿಯವರೆಗೆ ಬಂದಿರಬಹುದು, ಒಲೆಯವರೆಗೆ ಬರಲಿಲ್ಲ. ಈ ಸಂಗತಿ ಮುಂದೆ ಉಪಯೋಗಕ್ಕೆ ಬರುತ್ತದೆ.

ದಕ್ಷಿಣದ ಈ ಹೆಸರೇ ಜಾಗತಿಕ ಸಸ್ಯಶಾಸ್ತ್ರದ ಹೆಸರೂ ಆದ ಕಥೆ ಸ್ವಾರಸ್ಯಕರವಾದುದು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳನ್ನು ಚಿತ್ರಸಹಿತವಾಗಿ ದಾಖಲಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಪ್ರಕಟವಾಯಿತು. ಈಳವ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರು ಅದಕ್ಕೆ ಮಾಹಿತಿ ಒದಗಿಸಿದವರು. ಅವರ ಪ್ರಮಾಣಪತ್ರಗಳು ಗ್ರಂಥದಲ್ಲೇ ಅಚ್ಚಾಗಿವೆ. ಅದರ 7ನೆಯ ಸಂಪುಟದಲ್ಲಿ ನಮ್ಮ ಬಳ್ಳಿ ‘ಬಸೆಲ್ಲಾ’ ಎಂಬ ಹೆಸರಿನಿಂದ ಕಾಣಿಸಿಕೊಂಡಿದೆ. ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಅದೇ ಪದವನ್ನು ಕುಲನಾಮವಾಗಿ ಸ್ವೀಕರಿಸಿ ಬಸೆಲ್ಲಾ ರುಬ್ರಾ, ಬಸೆಲ್ಲಾ ಆಲ್ಬಾ ಎಂದು ಕೆಂಪು ಮತ್ತು ಬಿಳಿ ಎರಡು ಪ್ರಭೇದಗಳನ್ನು ಹೆಸರಿಸಿದನು. ಇಡೀ ಸಸ್ಯಕುಟುಂಬಕ್ಕೂ ಮುಂದೆ ಇದೇ ಹೆಸರು ನಿಂತಿತು. ಆಂಡೀಸ್ ಪರ್ವತದ ರೈತರು ಬೆಳೆಯುವ ಉಲ್ಲುಕೊ ಎಂಬ ಗೆಡ್ಡೆ ಇಂದು ನಮ್ಮ ಹಿತ್ತಿಲಿನ ಪದವನ್ನು ಹೊತ್ತ ಕುಟುಂಬಕ್ಕೆ ಸೇರಿದೆ.

ಲಿನೇಯಸ್ ಮಾಡಿದ ಕೆಂಪು–ಬಿಳಿ ವಿಭಾಗವನ್ನು ಇಂದಿನ ಸಸ್ಯವಿಜ್ಞಾನಿಗಳಲ್ಲಿ ಬಹುಮಂದಿ ಒಪ್ಪುವುದಿಲ್ಲ. ಎರಡೂ ಬಸೆಲ್ಲಾ ಆಲ್ಬಾ ಎಂಬ ಒಂದೇ ಪ್ರಭೇದವೆಂಬುದು ಅವರ ಅಭಿಪ್ರಾಯ. ಹಿತ್ತಿಲಿನಲ್ಲಿ ಮಾತ್ರ ಕೆಂಪು ದಂಟಿನ ಬಸಳೆಯೇ ಬೇರೆ, ಹಸಿರು ದಂಟಿನದ್ದೇ ಬೇರೆ. ಜನಪದರ ವರ್ಗೀಕರಣಕ್ಕೆ ಅದರದೇ ತರ್ಕವಿದೆ. ಎಲೆಯಿಂದ ಹೊಸ ಗಿಡ ಚಿಗುರುವ, ಮಡಗಾಸ್ಕರ್ ಮೂಲದ ಔಷಧಿ ಗಿಡಕ್ಕೆ ‘ಕಾಡುಬಸಳೆ’ ಎಂಬ ಹೆಸರಿದೆ. ಅಮೆರಿಕ ಖಂಡದಿಂದ ಬಂದು ನೆಲಕ್ಕೆ ಹತ್ತಿ ಬೆಳೆಯುವ ಇನ್ನೊಂದು ಸೊಪ್ಪು ‘ನೆಲಬಸಳೆ’ ಎನಿಸಿಕೊಂಡಿದೆ. ಇವು ಮೂರೂ ಸಸ್ಯಶಾಸ್ತ್ರದ ಪ್ರಕಾರ ಬೇರೆ ಬೇರೆ ಕುಟುಂಬದವು. ರಸತುಂಬಿದ ದಪ್ಪ ಎಲೆ ಎಂಬ ಕೈಗೆ ಸಿಗುವ ಲಕ್ಷಣವೇ ಇಲ್ಲಿ ಹೆಸರಿಗೆ ಆಧಾರ. ಹೊರಗಿನಿಂದ ಬಂದ ಗಿಡಗಳಿಗೆ ಹೆಸರು ಕೊಡಲು ಮಾದರಿಯಾಗುವಷ್ಟು ಬಸಳೆಯ ಪರಿಚಯ ಗಾಢವಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಪರ್ಷಿಯಾ ಕಡೆಯ ಸ್ಪಿನಾಚ್ ಅಥವಾ ಪಾಲಕ್ ಸೊಪ್ಪನ್ನು ‘ಬಸಳೆ’ ಎಂದೇ ಅನುವಾದಿಸುವ ರೂಢಿಯೂ ಕನ್ನಡದಲ್ಲಿ ಇದೆಯಷ್ಟೆ. ಅದು ಜನಪದರ ತರ್ಕವಲ್ಲ, ನಿಘಂಟು ನೋಡಿ ಬರೆಯುವವರ ಅವಸರ. ಇದರಿಂದಾಗಿ ಪಾಲಕ್ಕಿನ ಗುಣದೋಷಗಳು ಬಸಳೆಯ ಲೆಕ್ಕಕ್ಕೆ ಜಮೆಯಾಗುತ್ತವೆ.

ಬಸಳೆಗೆ ಚಪ್ಪರ ಬೇಕು. ಅಡಿಕೆ ಮರದ ಸಲಾಕೆ ಅಥವಾ ಬಿದಿರಿನ ಕಂಬ, ಮೇಲೆ ಗೆಲ್ಲುಗಳ ಹಾಸು, ಬುಡಕ್ಕೆ ಒಲೆಯ ಬೂದಿ, ಹಟ್ಟಿಗೊಬ್ಬರ. ಚಪ್ಪರದ ಜಾಗ ಬಹುಪಾಲು ಬಾವಿಕಟ್ಟೆಯ ಅಥವಾ ಬಚ್ಚಲಿನ ಹತ್ತಿರ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಅಲ್ಲಿಗೇ ಹರಿಯುತ್ತದೆ. ಗದ್ದೆಯ ಬೇಸಾಯದ ನೀರು, ಗೊಬ್ಬರ, ಆಳು ಯಾವುದನ್ನೂ ಇದು ಬೇಡಲಿಲ್ಲ. ಆದ್ದರಿಂದ ಗೇಣಿಯ ಲೆಕ್ಕಕ್ಕೂ ಇದು ಸಿಕ್ಕಲಿಲ್ಲ. ಕಡ್ಡಿ ಮುರಿದು ನೆಟ್ಟರೆ ಚಿಗುರುವ ಬಳ್ಳಿಯಾದುದರಿಂದ ಬೀಜಕ್ಕೆ ಹಣವಿಲ್ಲ. ನೆರೆಮನೆಯಿಂದಲೋ ತವರಿನಿಂದಲೋ ಒಂದು ಕಡ್ಡಿ ಬಂದರೆ ಸಾಕು. ತಳಿಯನ್ನು ಆರಿಸಿ ಉಳಿಸಿದ ಕೆಲಸ ಹೀಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಹೆಂಗಸರದು. ದಂಟು ಬೇಗ ನಾರಾಗದ ಬಳ್ಳಿ, ಎಲೆ ಅಗಲವಾಗಿ ಬರುವ ಬಳ್ಳಿ ಎಂದು ಗುರುತಿಸಿ ಅದರ ಕಡ್ಡಿಯನ್ನೇ ಮುಂದುವರಿಸಿದವರು ಅವರು. ರೀಡನ ಗ್ರಂಥದಲ್ಲಿ ನಾಲ್ವರು ವೈದ್ಯರ ಹೆಸರು ಉಳಿದಿದೆ. ಕಡ್ಡಿ ಕೊಟ್ಟವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ. ಅಂಗೈಯನ್ನೂ ಕೆನ್ನೆಯನ್ನೂ ನೇರಳೆಗೆಂಪು ಮಾಡಿಕೊಳ್ಳಲು ಮಕ್ಕಳು ಬಳಸುವ ಬಸಳೆಹಣ್ಣಿನ ಆಟವನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ.

ಈಗ ಪದಾರ್ಥದ ವಿಚಾರಕ್ಕೆ ಬರಬಹುದು. ಕರಾವಳಿಯಲ್ಲಿ ಬಸಳೆ ಎಂದರೆ ಎಲೆ ಮಾತ್ರವಲ್ಲ, ದಂಟು ಸಮೇತವಾದ ಬಳ್ಳಿ. ಬಲಿತ ದಂಟನ್ನು ಬೆರಳುದ್ದಕ್ಕೆ ಕತ್ತರಿಸಿ ಮೊದಲು ಬೇಯಿಸುತ್ತಾರೆ. ಎಲೆ ಅನಂತರ ಬೀಳುತ್ತದೆ. ಊಟದ ವೇಳೆ ದಂಟನ್ನು ಜಗಿದು ರಸ ಹೀರಿ ನಾರನ್ನು ತಟ್ಟೆಯ ಬದಿಗಿಡುವುದು ಅದನ್ನು ಉಣ್ಣುವ ಕ್ರಮ. ಈ ಬಳ್ಳಿ ಒಂಟಿಯಾಗಿ ಬೇಯುವುದು ಕಡಮೆ. ಹೆಸರುಕಾಳು, ಕಡಲೆ, ತೊಗರಿಬೇಳೆ, ಹಲಸಿನ ಬೀಜ ಇವುಗಳಲ್ಲಿ ಒಂದು ಅದರ ಜೊತೆಗಿರುತ್ತದೆ. ಬೇಸಗೆಯಲ್ಲಿ ತಿಂದ ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಮಳೆಗಾಲಕ್ಕೆ ತೆಗೆದಿರಿಸುತ್ತಿದ್ದ ಮನೆಗಳಲ್ಲಿ ಈ ಜೋಡಿ ಸಹಜವೇ ಆಗಿತ್ತು. ತೆಂಗಿನಕಾಯಿ ಅರೆದು ಹಾಕಿ, ಹುಣಸೆಯನ್ನೋ ಅಮಟೆಕಾಯಿಯನ್ನೋ ಬಿಂಬುಳಿಯನ್ನೋ ಹುಳಿಗೆ ಸೇರಿಸಿದರೆ ಬಸಳೆಯ ಲೋಳೆ ತಗ್ಗುತ್ತದೆ.

ಈ ಮೂಲ ಚೌಕಟ್ಟಿನೊಳಗೆ ಜಾತಿ–ಸಮುದಾಯಗಳ ವ್ಯತ್ಯಾಸಗಳು ನೆಲೆಗೊಂಡಿವೆ. ಹವ್ಯಕರಲ್ಲಿ ಬಸಳೆ ಬೆಂದಿ, ತಂಬುಳಿ. ಗೌಡ ಸಾರಸ್ವತರಲ್ಲಿ ತೊಗರಿಬೇಳೆಯ ವಾಲಿ ಅಂಬಟ, ಅದಕ್ಕೆ ಈರುಳ್ಳಿ ಒಗ್ಗರಣೆ. ಮೀನು ತಿನ್ನುವ ತುಳುವರ ಮನೆಗಳಲ್ಲಿ ಒಣ ಸಿಗಡಿ ಹಾಕಿದ ಬಸಳೆ, ಹೊಳೆಯ ಚಿಪ್ಪಿನಿಂದ ಮಾಡುವ ಬಸಳೆ–ಮರುವಾಯಿ ಗಸಿ, ಸಣ್ಣ ಅಕ್ಕಿಯುಂಡೆಗಳನ್ನು ಅದೇ ಗಸಿಯಲ್ಲಿ ಕುದಿಸಿದ ಬಸಳೆ ಪುಂಡಿ. ಕೊನೆಯದು ಒಂದೇ ಪಾತ್ರೆಯಲ್ಲಿ ಮುಗಿಯುವ ಪೂರ್ಣ ಊಟ. ಕಡಲಿಗೆ ದೋಣಿ ಇಳಿಯದ ಆಟಿಯ ದಿನಗಳಲ್ಲಿ ಹಿಡಿಯಷ್ಟು ಒಣ ಸಿಗಡಿಯಿಂದ ಇಡೀ ಮನೆಯ ಪದಾರ್ಥಕ್ಕೆ ಮೀನಿನ ರುಚಿ ಬರುತ್ತಿದ್ದುದು ಬಸಳೆಯಂತಹ ಸೊಪ್ಪಿನ ಆಸರೆಯಿಂದ. ಇದೇ ಮಳೆಗಾಲದಲ್ಲಿ ಚಾತುರ್ಮಾಸ್ಯದ ಶಾಕವ್ರತ ಹಿಡಿದ ಮಾಧ್ವರ ಮನೆಯಲ್ಲಿ ಒಂದು ತಿಂಗಳು ಸೊಪ್ಪು–ತರಕಾರಿ ಒಲೆಗೇರುವುದಿಲ್ಲ. ಒಂದೇ ಊರಿನಲ್ಲಿ, ಒಂದೇ ಋತುವಿನಲ್ಲಿ ಒಂದು ಮನೆಗೆ ಆಸರೆಯಾದುದು ಇನ್ನೊಂದು ಮನೆಗೆ ವರ್ಜ್ಯ. ‘ಕರಾವಳಿಯ ಆಹಾರ ಸಂಸ್ಕೃತಿ’ ಎಂದು ಏಕವಚನದಲ್ಲಿ ಬರೆಯುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಇನ್ನೊಂದು ಎಚ್ಚರವೂ ಅಗತ್ಯ. ಇಂದು ‘ಸಾಂಪ್ರದಾಯಿಕ’ ಎನಿಸಿರುವ ಬಸಳೆಯ ಗಸಿ ಕೆಂಪಗಿರುವುದು ಒಣಮೆಣಸಿನಿಂದ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಸಂಪರ್ಕದಿಂದ 16ನೆಯ ಶತಮಾನದಲ್ಲಿ ಈ ತೀರಕ್ಕೆ ಬಂದುದು. ಅದಕ್ಕೆ ಮೊದಲು ಖಾರಕ್ಕೆ ಇದ್ದುದು ಕಾಳುಮೆಣಸು, ಶುಂಠಿಗಳು. ಬಳ್ಳಿ ಹಳೆಯದಾದರೂ ನಾವು ಉಣ್ಣುವ ರೂಪ ಐದು ಶತಮಾನಗಳಿಗಿಂತ ಹಿಂದಿನದಾಗಲು ಸಾಧ್ಯವಿಲ್ಲ. ಪರಂಪರೆಯನ್ನು ಅಚಲವೆಂದು ಭಾವಿಸುವ ಬರಹಗಳಿಗೆ ಈ ಮಡಕೆಯೊಂದೇ ಉತ್ತರ.

ಪೌಷ್ಟಿಕತೆಯ ಆಧುನಿಕ ಚರ್ಚೆ ಈ ಸೊಪ್ಪನ್ನು ಎಲೆಯಾಗಿ ಮಾತ್ರ ಕಾಣುತ್ತದೆ. ಭಾರತದಲ್ಲಿ ಆಹಾರಗಳ ಸತ್ತ್ವವನ್ನು ಅಳೆಯುವ ಕೆಲಸ ಕೂನೂರಿನ ಪ್ರಯೋಗಾಲಯದಲ್ಲಿ ಬೇರೂರಿತು. ಅಯ್‌ಕ್ರಾಯ್ಡ್ ಅವರ ಕೋಷ್ಟಕ 1937ರಲ್ಲಿ ಹೊರಬಂದಿತು. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಅಲ್ಲಿಂದ ಗೋಪಾಲನ್ ಮತ್ತು ಸಂಗಡಿಗರ ಪುಸ್ತಕ 1971ರಲ್ಲೂ, 528 ಆಹಾರಗಳ ಹೊಸ ಕೋಷ್ಟಕ 2017ರಲ್ಲೂ ಪ್ರಕಟವಾದವು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ 100 ಗ್ರಾಂ ಹಸಿ ಬಸಳೆಯಲ್ಲಿ 19 ಕಿಲೋ ಕ್ಯಾಲೊರಿ, 1.8 ಗ್ರಾಂ ಪ್ರೋಟೀನ್, 102 ಮಿಲಿಗ್ರಾಂ ಸಿ ಜೀವಸತ್ತ್ವ, 109 ಮಿಲಿಗ್ರಾಂ ಕ್ಯಾಲ್ಸಿಯಂ, 1.2 ಮಿಲಿಗ್ರಾಂ ಕಬ್ಬಿಣ, 140 ಮೈಕ್ರೋಗ್ರಾಂ ಫೋಲೇಟ್ ಇವೆ. ಎ ಜೀವಸತ್ತ್ವ 8000 ಅಂತರರಾಷ್ಟ್ರೀಯ ಮಾನಗಳಷ್ಟು.

ಅಂಕಿಗಳು ಸರಿಯಾದುವೇ. ಆದರೆ 100 ಗ್ರಾಂ ಹಸಿ ಬಸಳೆಯನ್ನು ಕರಾವಳಿಯಲ್ಲಿ ಉಣ್ಣುವವರು ಯಾರು? ಬಾಯಿಹುಣ್ಣಿಗೆ ಒಂದೆರಡು ಹಸಿ ಎಲೆ ಜಗಿಯುವುದುಂಟು, ಅಷ್ಟೆ. ಕುದಿಸಿದಾಗ ಸಿ ಜೀವಸತ್ತ್ವದ ಬಹುಭಾಗ ನಷ್ಟವಾಗುತ್ತದೆ. ಬೆಂದ ನೀರನ್ನು ಚೆಲ್ಲದೆ ಅದರಲ್ಲೇ ಹುಳಿ ಮಾಡುವುದರಿಂದ ನೀರಿಗಿಳಿದ ಅಂಶಗಳಲ್ಲಿ ಉಳಿದಷ್ಟೂ ಊಟಕ್ಕೆ ಸೇರುತ್ತದೆ. ಎಲೆಯಲ್ಲಿ ಎ ಜೀವಸತ್ತ್ವ ಇರುವುದು ಕ್ಯಾರೊಟಿನ್ ರೂಪದಲ್ಲಿ. ದೇಹ ಅದನ್ನು ಹೀರಿಕೊಳ್ಳಲು ಕೊಬ್ಬು ಬೇಕು, ಅದನ್ನು ಅರೆದ ತೆಂಗಿನಕಾಯಿ ಒದಗಿಸುತ್ತದೆ. ಪ್ರೋಟೀನ್ ಎಲೆಯಿಂದ ಬರುವುದು ಅತ್ಯಲ್ಪ. ಕಾಳಿನಿಂದ, ಮರುವಾಯಿಯಿಂದ ಬರುವುದೇ ಹೆಚ್ಚು. ಕ್ಯಾಲ್ಸಿಯಂನ ಒಂದು ಭಾಗವನ್ನು ಸೊಪ್ಪಿನಲ್ಲಿರುವ ಆಕ್ಸಲೇಟು ಹಿಡಿದಿಡುವುದರಿಂದ ಕೋಷ್ಟಕದ ಅಂಕಿಯೆಲ್ಲವೂ ದೇಹಕ್ಕೆ ದಕ್ಕುವುದಿಲ್ಲ. ಹೀಗೆ ಬಸಳೆಯ ಸತ್ತ್ವ ಎಂದು ನಾವು ಕರೆಯುವುದು ವಾಸ್ತವವಾಗಿ ಕಾಳು, ಕಾಯಿ, ಹುಳಿ, ಸೊಪ್ಪುಗಳ ಕೂಟದ ಸತ್ತ್ವ.

ಹಾಗೆಂದ ಮಾತ್ರಕ್ಕೆ ನಮ್ಮ ಹಿರಿಯರು ಕ್ಯಾರೊಟಿನ್ನಿನ ಗುಟ್ಟನ್ನು ಬಲ್ಲವರಾಗಿದ್ದರು ಎಂಬ ತೀರ್ಮಾನಕ್ಕೆ ಹಾರಬಾರದು. ಇತ್ತೀಚಿನ ಜಾನಪದ ಬರಹಗಳಲ್ಲಿ ಈ ಚಾಳಿ ಹೆಚ್ಚಿದೆ. ಇದು ಜನಪದರಿಗೆ ಸಲ್ಲಿಸುವ ಗೌರವವೆಂದು ನನಗೆ ತೋರುವುದಿಲ್ಲ. ಅವರಿಗೆ ತಿಳಿದಿದ್ದುದು ಬೇರೆ. ಬಸಳೆ ತಂಪು, ಮಲವನ್ನು ಸಡಿಲಿಸುತ್ತದೆ, ನೆಗಡಿಯಾದವರಿಗೂ ಬಾಣಂತಿಗೂ ಹಿಡಿಸದು, ಎಂಬುದು ಅವರ ಅನುಭವದ ಮಾತು. ಚರಕಸಂಹಿತೆಯ ಸೂತ್ರಸ್ಥಾನದಲ್ಲೂ ಉಪೋದಿಕೆಯನ್ನು ಶೀತ, ಸ್ನಿಗ್ಧ, ಕಫಕಾರಿ, ಭೇದಿನಿ ಎಂದೇ ಹೇಳಲಾಗಿದೆ. ಈ ಹೊಂದಿಕೆಯನ್ನು ಕಂಡೊಡನೆ ಮನೆಯ ಅರಿವು ಗ್ರಂಥದಿಂದ ಇಳಿದುಬಂದುದೆಂದು ಭಾವಿಸುವುದು ರೂಢಿ. ಹೆಸರಿನ ಚರಿತ್ರೆ ಈ ಊಹೆಗೆ ಬೆಂಬಲ ಕೊಡುವುದಿಲ್ಲ. ಅರಿವು ಸಂಸ್ಕೃತದಿಂದ ಬಂದಿದ್ದರೆ ಪದದ ಒಂದು ತುಣುಕಾದರೂ ಜೊತೆಗೆ ಬರಬೇಕಿತ್ತು. ಎಳ್ಳಿನ ಕಲ್ಕದೊಡನೆ ಬೇಯಿಸಿದ ಉಪೋದಿಕೆ ಅತಿಸಾರಕ್ಕೆ ಕಾರಣವೆಂದು ಚರಕನು ಎಚ್ಚರಿಸಿದ್ದಾನೆ. ಕರಾವಳಿಯಲ್ಲಿ ಬಸಳೆಗೆ ಎಳ್ಳು ಅರೆದು ಹಾಕುವ ರೂಢಿ ಇಲ್ಲ. ಇದು ನಿಷೇಧದ ಪಾಲನೆಯೇ? ತೆಂಗು ಅಂಗಳದಲ್ಲೇ ಇರುವಾಗ ಎಳ್ಳನ್ನು ಅರೆಯುವ ಪ್ರಮೇಯವೇ ಬರಲಿಲ್ಲ ಎಂಬ ವಿವರಣೆ ಹೆಚ್ಚು ಸರಳವಾದುದು.

ನಗರದ ಪೇಟೆಗೆ ಬಂದ ಬಸಳೆಯ ರೂಪ ಬದಲಾಗುತ್ತಿದೆ. ಮಂಗಳೂರು, ಉಡುಪಿಗಳ ಮಾರುಕಟ್ಟೆಯಲ್ಲಿ ಅದು ಇಂದಿಗೂ ಮಾರುದ್ದದ ಬಳ್ಳಿಗಳ ಕಟ್ಟಾಗಿ ದೊರೆಯುತ್ತದೆ. ಬೆಂಗಳೂರಿನ ಸೊಪ್ಪಿನ ಗಾಡಿಯಲ್ಲಿ ಕಾಣುವುದು ಬಹುಮಟ್ಟಿಗೆ ಎಲೆ ಮತ್ತು ಎಳೆ ಕುಡಿಗಳ ಸಣ್ಣ ಕಟ್ಟು. ಅದು ಬೇಳೆಯೊಡನೆ ಮಸೊಪ್ಪಿಗೆ ಹೋಗುತ್ತದೆ. ದಂಟಿಲ್ಲದ ಕಟ್ಟಿನಿಂದ ಗಸಿಯಾಗದು, ಕಡ್ಡಿಯೂ ನೆಡಲಾಗದು. ಹಿತ್ತಿಲಿದ್ದ ಮನೆಗಳು ಒಡೆದು ವಸತಿ ಸಮುಚ್ಚಯಗಳಾದ ಕಡೆ ಚಪ್ಪರ ಹೋಗಿದೆ. ಕೆಲವು ಮಹಡಿಗಳ ಕುಂಡಗಳಲ್ಲಿ ಕಬ್ಬಿಣದ ಸರಳಿಗೆ ಹಬ್ಬಿದ ಬಳ್ಳಿ ಕಾಣುತ್ತದೆ. ಹಸಿರು ದಂಟಿನದು, ಕೆಂಪು ದಂಟಿನದು, ಬೇಗ ನಾರಾಗುವುದು, ಆಗದ್ದು ಎಂದು ಹಿತ್ತಿಲುಗಳಲ್ಲಿ ಪ್ರತ್ಯೇಕವಾಗಿ ಉಳಿದುಬಂದ ಬಳ್ಳಿಗಳನ್ನು ಊರೂರಿನ ಹೆಸರು, ಕಡ್ಡಿ ಬಂದ ಮನೆ, ಬಳಸುವ ಪದಾರ್ಥಗಳ ಸಹಿತ ದಾಖಲಿಸುವ ಕ್ಷೇತ್ರಕಾರ್ಯವನ್ನು ಅವುಗಳನ್ನು ನೆಟ್ಟ ತಲೆಮಾರಿನ ಹೆಂಗಸರು ಇರುವಾಗಲೇ ಕೈಗೊಳ್ಳಬೇಕಾಗಿದೆ.